ಹೆಸರು ನೋಡಬೇಡಿ, ವಿಳಾಸ ಕೇಳಿ

ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಬಂಧುಗಳೇ,

2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದು ರಾಯದುರ್ಗ ಅದರಲ್ಲೇ ಉಳಿಯಿತು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೆ ಎರಡೂ ಊರಿನ ಜೆರಾಕ್ಸ್ ಅಂಗಡಿಗಳ ಪಾಡು ಒಂದೇ. ಆಂಧ್ರದ ಅಡಂಗಲ್ಲು, 1ಬಿ, ಗಡಿಯಾಚೆ ಜಮೀನಿದ್ದವರ ಪಹಣಿ, ಮಕ್ಕಳ ಅಂಕಪಟ್ಟಿ, ಆಧಾರ್, ಮದುವೆ ಪತ್ರಿಕೆ ಎಲ್ಲವೂ ಒಂದೇ ಕಂಪ್ಯೂಟರಿನಿಂದ ಹೊರಬರಬೇಕು. ಬೆಳಗಿನಿಂದ ಸಂಜೆವರೆಗೆ ಯಾರ್ಯಾರದೋ ಪೆನ್‌ಡ್ರೈವ್ ಅದರೊಳಗೆ ಹೋಗಿ ಬರುತ್ತದೆ. ರಾಯದುರ್ಗದ ಜೀನ್ಸ್ ಘಟಕಗಳಲ್ಲಿ ಲೆಕ್ಕ ಬರೆಯುವವರ ಕಂಪ್ಯೂಟರೂ ಹೀಗೇ ನಾಲ್ಕು ಕೈ ಆಡುವಂಥದ್ದು. ಆ ಕಂಪ್ಯೂಟರುಗಳ ಮುಂದೆ ಕೂರುವವರಿಗೆ ಈ ಮನವಿ.

ಕೇಳಿಕೊಳ್ಳುವುದು ಇಷ್ಟೇ: ಕಂಪ್ಯೂಟರಿನಲ್ಲಿ ಓಡುತ್ತಿರುವುದನ್ನೆಲ್ಲ ಪಟ್ಟಿ ಮಾಡುವ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಾಣುವ ಹೆಸರನ್ನು ನಂಬಿ ಯಾವುದನ್ನೂ ಸುಮ್ಮನೆ ಬಿಡಬೇಡಿ, ಹೆಸರಿಗೆ ಹೆದರಿ ಯಾವುದನ್ನೂ ಅಳಿಸಬೇಡಿ.

2017ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ವಾನ್ನಾಕ್ರೈ ಎಂಬ ಪಿಡುಗು ಲೋಕವನ್ನೆಲ್ಲ ಸುತ್ತುತ್ತ ನಮ್ಮ ನೆರೆಯ ಚಿತ್ತೂರು ಸೇರಿದಂತೆ ಆಂಧ್ರದ ಕೆಲವು ಜಿಲ್ಲೆಗಳ ಪೊಲೀಸ್ ಕಂಪ್ಯೂಟರುಗಳನ್ನೂ ಹೊಕ್ಕಿತು. ಫೈಲುಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೊಡಿ ಎಂದಿತು. ಅದು ಒಳಗೆ ಕೂತಿದ್ದು ಯಾವ ಹೆಸರಿನಲ್ಲಿ ಗೊತ್ತೇ? ಸೇವೆಗಳ ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ ಸೆಕ್ಯುರಿಟಿ ಸೆಂಟರ್ 2.0'. ಅದರ ಇನ್ನೊಂದು ಫೈಲಿಗೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಅನಿಸುವಂತೆ 'ಟಾಸ್ಕ್‌ಶೆ' ಎಂಬ ಹೆಸರು. ಕಾವಲುಗಾರನ ಹೆಸರನ್ನೇ ಹೊತ್ತು ಬಂದ ಕಳ್ಳ. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು ಎನ್ನುವುದು ಬೇರೆ ಮಾತು. ಬೇರೆ ಮಾತೇನು, ಅಪ್‌ಡೇಟ್ ಬಂದರೆ ಮುಂದೂಡುವ ಚಟ ನಮ್ಮಲ್ಲಿ ಇವತ್ತಿಗೂ ಹೋಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು 'ಎಸ್‌ವಿಸಿಹೋಸ್ಟ್'. ಪಟ್ಟಿಯಲ್ಲಿ ಅದು ಐವತ್ತು, ಅರವತ್ತು ಸಾಲು ಕಂಡರೆ ವೈರಸ್ ಮರಿ ಹಾಕಿದೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಅದು ವಿಂಡೋಸಿನ ಸೇವೆಗಳನ್ನು ಹೊತ್ತೊಯ್ಯುವ ಲಾರಿ ಇದ್ದಹಾಗೆ. ಮುಂಚೆ ಒಂದೇ ಲಾರಿಗೆ ಹಲವು ಸೇವೆಗಳನ್ನು ತುಂಬುತ್ತಿದ್ದರು. 2017ರಲ್ಲಿ ಬಂದ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟ್ ಆದಮೇಲೆ, ಮೂರೂವರೆ ಜಿಬಿಗಿಂತ ಹೆಚ್ಚು ರ್‍ಯಾಮ್ ಇರುವ ಕಂಪ್ಯೂಟರುಗಳಲ್ಲಿ ಹೆಚ್ಚಿನ ಸೇವೆಗಳಿಗೆ ಒಂದೊಂದು ಲಾರಿ. ಸಾಲು ಉದ್ದವಾಗಿದ್ದು ಅದಕ್ಕೇ. 'ಎಲ್‌ಸಾಸ್' ಇದಕ್ಕೆ ತದ್ವಿರುದ್ಧ, ಲಾಗಿನ್ ಪಾಸ್‌ವರ್ಡ್ ನೋಡಿಕೊಳ್ಳುವ ಅದು ಒಂದೇ ಒಂದು ಇರಬೇಕು. ಎರಡು ಕಂಡರೆ ಎಚ್ಚರಾಗಿ.

ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅನುಮಾನ ಬಂದ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಆರಿಸಿ. ಎಸ್‌ವಿಸಿಹೋಸ್ಟ್, ಎಲ್‌ಸಾಸ್ ಎರಡರ ಮನೆಯೂ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32. ಅದೇ ಹೆಸರಿನ ಫೈಲು ಡೌನ್‌ಲೋಡ್ಸ್‌ನಲ್ಲೋ, ಟೆಂಪ್‌ನಲ್ಲೋ, ಆ್ಯಪ್‌ಡೇಟಾದಲ್ಲೋ, ಪೆನ್‌ಡ್ರೈವಿನಲ್ಲೋ ಓಡುತ್ತಿದ್ದರೆ ಅದು ವಿಂಡೋಸಿನದಲ್ಲ. ಇಲ್ಲೊಂದು ತಿರುವಿದೆ: 'ಎಕ್ಸ್‌ಪ್ಲೋರರ್' ಮಾತ್ರ ನೇರ ವಿಂಡೋಸ್ ಫೋಲ್ಡರಿನಲ್ಲೇ ಇರುತ್ತದೆ, ಸಿಸ್ಟಮ್32ರಲ್ಲಿ ಕಂಡರೆ ಅದೇ ನಕಲಿ.

ವಿಳಾಸ ನೋಡುವ ಹೊತ್ತಿಗೆ ಕಾಗುಣಿತವನ್ನೂ ಒಂದೊಂದು ಅಕ್ಷರವಾಗಿ ಓದಿ. 'ಹೋಸ್ಟ್' ಎಂಬಲ್ಲಿ ಓ ಅಕ್ಷರದ ಬದಲು ಸೊನ್ನೆ, 'ಎಸ್‌ವಿಸಿ' ಎಂಬಲ್ಲಿ ವಿ-ಸಿ ಅದಲುಬದಲು, ಎಲ್‌ಸಾಸ್‌ನ ಚಿಕ್ಕ ಎಲ್ ಜಾಗದಲ್ಲಿ ದೊಡ್ಡ ಐ ಇರಬಹುದು. ಕೊನೆಯದು ಎಷ್ಟೋ ಫಾಂಟ್‌ಗಳಲ್ಲಿ ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಇನ್ನೂ ಅನುಮಾನ ಉಳಿದರೆ ಮೈಕ್ರೋಸಾಫ್ಟ್‌ನವರೇ ಪುಕ್ಕಟೆ ಕೊಡುವ 'ಪ್ರೊಸೆಸ್ ಎಕ್ಸ್‌ಪ್ಲೋರರ್' ಇಳಿಸಿಕೊಳ್ಳಿ. ಯಾರು ಯಾರನ್ನು ಚಾಲೂ ಮಾಡಿದರು, ಫೈಲಿಗೆ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂಬುದನ್ನೆಲ್ಲ ಅದು ತೋರಿಸುತ್ತದೆ. ಅಸಲಿ ಎಸ್‌ವಿಸಿಹೋಸ್ಟನ್ನು ಚಾಲೂ ಮಾಡುವುದು ಸಾಮಾನ್ಯವಾಗಿ 'ಸರ್ವಿಸಸ್' ಎಂಬ ಪ್ರೊಸೆಸ್.

ಇಷ್ಟೆಲ್ಲ ಸರಿಯಿದ್ದೂ ಮೋಸ ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ. 2008ರ ಕಾನ್‌ಫಿಕರ್ ಅಸಲಿ ಎಸ್‌ವಿಸಿಹೋಸ್ಟ್ ಲಾರಿಗೇ ತನ್ನ ಮೂಟೆ ಹಾಕಿ ಓಡಾಡಿತು, ಪೆನ್‌ಡ್ರೈವಿನಿಂದಲೂ ಹರಡಿತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಬಳಿ ಹೆಸರಾಂತ ಕಂಪನಿಗಳಿಂದ ಕದ್ದ ಸಹಿಗಳೇ ಇದ್ದವು. ಹೀಗಾಗಿ ಕಣ್ಣಿನ ಪರೀಕ್ಷೆ ಆ್ಯಂಟಿವೈರಸ್‌ಗೆ ಬದಲಿಯಲ್ಲ. ವಿಂಡೋಸಿನ ಡಿಫೆಂಡರ್‌ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಇದೆ, ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅಡಗಿ ಕೂತದ್ದೂ ಸಿಗುವ ಸಾಧ್ಯತೆ ಹೆಚ್ಚು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಉಪಕರಣಗಳನ್ನು ಕೊಡುತ್ತದೆ.

ಇನ್ನು ಹೆದರಿ ಅಳಿಸುವವರ ವಿಷಯ. 2002ರಲ್ಲಿ ಒಂದು ಇಮೇಲ್ ಊರೂರು ಸುತ್ತಿತು: ನಿಮ್ಮ ಕಂಪ್ಯೂಟರಿನಲ್ಲಿ ಪುಟ್ಟ ಕರಡಿಯ ಚಿತ್ರವಿರುವ ಫೈಲ್ ಇದ್ದರೆ ಅದು ವೈರಸ್, ಕೂಡಲೇ ಅಳಿಸಿ, ಎಲ್ಲರಿಗೂ ತಿಳಿಸಿ. ಆ ಕರಡಿ ವಿಂಡೋಸಿನದೇ ಫೈಲು. ಜನ ತಮ್ಮ ಕೈಯಾರೆ ಅಳಿಸಿ, ಪುಣ್ಯದ ಕೆಲಸವೆಂದು ಇನ್ನೊಬ್ಬರಿಗೂ ಕಳಿಸಿದರು. ಈಗಿನ ವಾಟ್ಸ್ಆ್ಯಪ್ ಫಾರ್ವರ್ಡಿನ ಅಜ್ಜ ಅದು. ಮನುಷ್ಯರಷ್ಟೇ ಎಡವುತ್ತಾರೆ ಎಂದಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿ ಆ್ಯಂಟಿವೈರಸ್ಸೇ ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟನ್ನು ವೈರಸ್ ಎಂದು ಹಿಡಿಯಿತು. ಎಷ್ಟೋ ಕಚೇರಿಗಳ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಕೂತವು. 'ಸಿಸ್ಟಮ್ ಐಡಲ್ ಪ್ರೊಸೆಸ್ ತೊಂಬತ್ತು ಪರ್ಸೆಂಟ್ ತಿನ್ನುತ್ತಿದೆ' ಎಂದು ಕೊರಗುವವರು ಕೇಳಿ: ಅದು ಕಂಪ್ಯೂಟರು ಕೆಲಸವಿಲ್ಲದೆ ಕೂತಿರುವ ಲೆಕ್ಕ. ಫೋನ್ ಮಾಡಿ, ತಾನು ಮೈಕ್ರೋಸಾಫ್ಟ್‌ನವನು ಎಂದು ಹೇಳಿ, ಇಂಥ ಅಸಲಿ ಸಾಲುಗಳನ್ನೇ ವೈರಸ್ ಎಂದು ತೋರಿಸಿ ಹಣ ಕೀಳುವ ದಂಧೆಯೂ ಇದೆ. ಕರೆ ಕತ್ತರಿಸಿ.

ಕನ್ನಡ ಬರೆಯುವ ನಮಗೆ ಇನ್ನೊಂದು ತೊಡಕು. ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತುವ ಕೀಗಳನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಹೀಗೇ ಕೀಗಳನ್ನು ಹಿಡಿಯುತ್ತದೆ. ಆ್ಯಂಟಿವೈರಸ್ಸಿಗೆ ಅನುಮಾನ ಬಂದರೆ ಆಶ್ಚರ್ಯವಿಲ್ಲ. 'ಕನ್ನಡ ಟೈಪಾಗಬೇಕಾದರೆ ಆ್ಯಂಟಿವೈರಸ್ ಆಫ್ ಮಾಡಿ' ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ನುಡಿ ಬೇಡ, ಕನ್ನಡ ಗಣಕ ಪರಿಷತ್ತಿನಂಥ ಮೂಲದಿಂದಲೇ ಇಳಿಸಿಕೊಳ್ಳಿ. ಬರೀ ಯೂನಿಕೋಡ್ ಸಾಕೆಂದರೆ ಅದೂ ಬೇಡ: 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡದ ಫೊನೆಟಿಕ್ ಕೀಬೋರ್ಡ್ ಇದೆ. ಪುಕ್ಕಟೆ ವಿಂಡೋಸ್, ಪುಕ್ಕಟೆ ಫೋಟೋಶಾಪ್ ಕೊಡುವ ಕ್ರ್ಯಾಕ್‌ಗಳು ಕೇಳುವುದೂ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎಂದೇ. ಅಲ್ಲಿಗೆ ಅರ್ಥ ಮಾಡಿಕೊಳ್ಳಿ.

ಅಂಗಡಿಯವರೇ, ಇವತ್ತೇ ಒಂದು ಕೆಲಸ ಮಾಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಗುರುತು ಹಾಕಿ. ಗಿರಾಕಿಯ ಪೆನ್‌ಡ್ರೈವಿನಲ್ಲಿ ಹಳದಿ ಫೋಲ್ಡರಿನಂತೆ ಕಾಣುವ ವಸ್ತುವಿನ ಹೆಸರಿನ ತುದಿಯಲ್ಲಿ 'ಇಎಕ್ಸ್‌ಇ' ಎಂದಿದ್ದರೆ ಅದು ಫೋಲ್ಡರಲ್ಲ, ತೆರೆಯಬೇಡಿ. ಫೋಲ್ಡರುಗಳೆಲ್ಲ ರಾತ್ರೋರಾತ್ರಿ ಶಾರ್ಟ್‌ಕಟ್ ಆಗಿದ್ದರೂ ಅಷ್ಟೆ.

ಅನುಮಾನ ನಿಜವಾದರೆ ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೊಡೆಯಬೇಡಿ, ಇನ್ನೊಂದು ಕಂಪ್ಯೂಟರಿನಿಂದ ಅದನ್ನು ಬದಲಿಸಿ. ಪರದೆಯ ಮೇಲೆ ಕಂಡದ್ದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಫಾರ್ಮ್ಯಾಟ್ ಹೊಡೆಯುವುದು ಇದೆಲ್ಲ ಆದಮೇಲೆ.