ಗಂಟನ್ನು ಬಿಚ್ಚದೆ ಓದೋಣ

ಪ್ರಯೋಗಶಾಲೆಗೆ ಕಾಲಿಟ್ಟ ವಿದ್ಯಾರ್ಥಿಗೆ ನಾವು ಮೊದಲು ಹೇಳಿಕೊಡುವ ನಿಯಮವೊಂದುಂಟು: ಬರೆದ ಅಳತೆಯನ್ನು ಅಳಿಸಬಾರದು; ತಪ್ಪೆಂದು ತೋರಿದರೆ ಅದರ ಮೇಲೊಂದು ಗೆರೆಯೆಳೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಕಾಗದದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು, ಗಣಕಯಂತ್ರದ ಹಳೆಯ ದಾಖಲೆಗಳ ವಿಷಯದಲ್ಲಿ ಈ ನಿಯಮವನ್ನು ಮರೆತೇಬಿಟ್ಟಿದ್ದೇವೆ.

ಕೆಲವು ಕಾಲದ ಹಿಂದೆ ನಮ್ಮ ವಿಭಾಗದ ಕಪಾಟಿನಲ್ಲಿ, ನಿವೃತ್ತ ಅಧ್ಯಾಪಕರೊಬ್ಬರು ಬಿಟ್ಟುಹೋಗಿದ್ದ ಫ್ಲಾಪಿಗಳ ಪೆಟ್ಟಿಗೆಯೊಂದು ದೊರೆಯಿತು. ಅವುಗಳಲ್ಲಿ ಅವರ ಹಲವು ವರ್ಷಗಳ ಅಳತೆಗಳಿದ್ದುವು. ಉತ್ಸಾಹದಿಂದ ಕಡತಗಳನ್ನೆಲ್ಲ ಹೊಸ ಯಂತ್ರಕ್ಕೆ ನಕಲು ಮಾಡಿ, ಗಂಟು ಕಟ್ಟಿದ್ದ ಜಿಪ್ ಕಡತಗಳನ್ನು ಬಿಚ್ಚಿ, ಫ್ಲಾಪಿಗಳನ್ನು ಎಸೆದೆವು. ಹಳೆಯ ದಿನಾಂಕಗಳನ್ನು ಉಳಿಸುವಂತೆ ಯಂತ್ರಕ್ಕೆ ಸೂಚಿಸಲು ಮರೆತಿದ್ದುದರಿಂದ ಕಡತಗಳ ಮೇಲೆಲ್ಲ ನಕಲು ಮಾಡಿದ ದಿನವೇ ಬಿದ್ದಿತ್ತು. ಒಂದೇ ಹೆಸರಿನ ಕಡತಗಳು ಒಂದನ್ನೊಂದು ನುಂಗಿದ್ದುವು. ಯಾವುದು ಮೊದಲ ಅಳತೆ, ಯಾವುದು ತಿದ್ದಿದ್ದು ಎಂದು ಆ ಹಿರಿಯರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಮಾಡಬೇಕಾಗಿದ್ದುದು ಬೇರೆಯೇ ಇತ್ತು. ಮೂರೂವರೆ ಅಂಗುಲದ ಸಾಮಾನ್ಯ ಫ್ಲಾಪಿಗೆ ಎರಡು ಮುಖಗಳು. ಮುಖವೊಂದಕ್ಕೆ ೮೦ ವೃತ್ತಪಥಗಳು. ಪಥಕ್ಕೆ ೧೮ ಸೆಕ್ಟರುಗಳು. ಸೆಕ್ಟರಿಗೆ ೫೧೨ ಬೈಟುಗಳು. ಒಟ್ಟು ೧೪,೭೪,೫೬೦ ಬೈಟುಗಳು. ಇವನ್ನು ಇದ್ದ ಕ್ರಮದಲ್ಲಿಯೇ ಓದಿ ಒಂದೇ ಕಡತವಾಗಿ ಬರೆದಿಟ್ಟರೆ ಅದು ಫ್ಲಾಪಿಯ ಪ್ರತಿಬಿಂಬ. ಲಿನಕ್ಸ್ ವ್ಯವಸ್ಥೆಯು ಇಂಥ ಕಡತವನ್ನು ನಿಜವಾದ ತಟ್ಟೆಯೆಂದೇ ಭಾವಿಸಿ ಜೋಡಿಸಿಕೊಳ್ಳಬಲ್ಲದು. ಇದಕ್ಕೆ ‘ಮೌಂಟ್’ ಮಾಡುವುದೆಂದು ಹೆಸರು. ಗಂಟು ಕಟ್ಟಿದ ಕಡತಗಳನ್ನೂ ಬಿಚ್ಚದೆ ಹೀಗೆಯೇ ನೋಡಬಹುದು. ೨೦೦೫ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿದ ‘ಫ್ಯೂಸ್’ ಎಂಬ ಸೌಕರ್ಯವು ಇದನ್ನು ಸುಲಭಗೊಳಿಸಿತು. ಜಿಪ್ ಗಂಟಿನ ಕೊನೆಯಲ್ಲಿ ಒಳಗಣ ಕಡತಗಳ ಪಟ್ಟಿಯಿರುವುದರಿಂದ ಬೇಕಾದುದನ್ನು ನೇರವಾಗಿ ತೆಗೆಯಬಹುದು. ಕಾಂತಪಟ್ಟಿಗಾಗಿ ಹುಟ್ಟಿದ ‘ಟಾರ್’ ಗಂಟಿಗೆ ಅಂಥ ಪಟ್ಟಿಯಿಲ್ಲ, ಮೊದಲಿನಿಂದ ಒಮ್ಮೆ ಓದಿಕೊಂಡು ಹೋಗಬೇಕು.

ಆದರೆ ‘ಓದಲು ಮಾತ್ರ’ ಎಂಬ ಕಟ್ಟಳೆ ಇಲ್ಲಿ ಅತ್ಯಗತ್ಯ. ಓದುವುದರಿಂದ ಏನು ಕೆಡುತ್ತದೆ ಎಂದು ವಾಚಕರು ಕೇಳಬಹುದು. ಬರಹಕ್ಕೆ ತಡೆಯಿಲ್ಲದ ಫ್ಲಾಪಿಯನ್ನು ಓದಲೆಂದು ಹಾಕಿದರೂ ವಿಂಡೋಸ್ ೯೫ ಅದರ ಮೊದಲ ಸೆಕ್ಟರಿನಲ್ಲಿ ತನ್ನ ಗುರುತನ್ನು ಬರೆದುಬಿಡುತ್ತಿತ್ತು. ಲಿನಕ್ಸಿನದೇ ಆದ ಎಕ್ಸ್ಟ್೩, ಎಕ್ಸ್ಟ್೪ ಬಗೆಯ ತಟ್ಟೆಗಳು ಸರಿಯಾಗಿ ಮುಚ್ಚದೆ ಉಳಿದಿದ್ದರೆ, ಓದಲು ಮಾತ್ರ ಎಂದು ಹೇಳಿದರೂ ವ್ಯವಸ್ಥೆಯು ಅರ್ಧಕ್ಕೆ ನಿಂತ ಕೆಲಸವನ್ನು ಪೂರೈಸಹೊರಡುತ್ತದೆ. ಆದುದರಿಂದ ಪ್ರತಿಬಿಂಬಕ್ಕೂ ಬೀಗ ಹಾಕಬೇಕು; ಮುಂಚೆ ಒಮ್ಮೆ, ಅನಂತರ ಒಮ್ಮೆ ಅದರ ಎಸ್‌ಎಚ್‌ಎ-೨೫೬ ಮೊತ್ತವನ್ನು ತೆಗೆದು ಹೋಲಿಸಬೇಕು.

ಕಡತಗಳಷ್ಟೇ ಸಾಲವೆ, ಇಡೀ ತಟ್ಟೆ ಏಕೆ ಎಂಬ ಆಕ್ಷೇಪವೂ ಉಂಟು. ಫ್ಲಾಪಿಯಲ್ಲಿ ಕಡತವನ್ನು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರ ಬದಲಾಗಿ, ಅದಕ್ಕೆ ಮೀಸಲಾಗಿದ್ದ ಜಾಗ ತೆರವೆಂದು ದಾಖಲಾಗುತ್ತದೆ. ಒಳಗಿನ ಬರಹ, ಮೇಲೆ ಬೇರೊಂದು ಬೀಳುವ ತನಕ, ಹಾಗೆಯೇ ಇರುತ್ತದೆ. ಗೆರೆಯೆಳೆದ ಅಳತೆಯೆಂದರೆ ಇದೇ. ಎಲೆಕ್ಟ್ರಾನಿನ ಆವೇಶವನ್ನು ಅಳೆದ ಮಿಲಿಕನ್, ತಾವು ಪ್ರಕಟಿಸಿದ ೫೮ ಹನಿಗಳು ಆರಿಸಿ ತೆಗೆದವಲ್ಲವೆಂದೂ, ೬೦ ದಿನಗಳಲ್ಲಿ ಪರೀಕ್ಷಿಸಿದವೆಲ್ಲವೂ ಅವೇ ಎಂದೂ ೧೯೧೩ರಲ್ಲಿ ಬರೆದರು. ಅವರ ಟಿಪ್ಪಣಿ ಪುಸ್ತಕಗಳಲ್ಲಿ ಇದ್ದುದು ನೂರಕ್ಕೂ ಹೆಚ್ಚು ಹನಿಗಳು. ಅವನ್ನು ಬಿಟ್ಟುದು ಸರಿಯೆ ತಪ್ಪೆ ಎಂದು ವಿದ್ವಾಂಸರು ಚರ್ಚಿಸಲು ಸಾಧ್ಯವಾದುದು ಆ ಪುಸ್ತಕಗಳು ಉಳಿದುದರಿಂದ. ಅಚ್ಚಾದ ಪಟ್ಟಿಯೊಂದೇ ಉಳಿದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಅಳಿಸಿದ ಖಾಸಗಿ ಪತ್ರಗಳೂ ಪ್ರತಿಬಿಂಬದಲ್ಲಿ ಉಳಿಯುವುವೆಂಬುದು ನಿಜ. ಅಂಥ ಪ್ರತಿಯನ್ನು ಯಾರು ನೋಡಬಹುದೆಂದು ಗೊತ್ತುಮಾಡುವುದು ಅಗತ್ಯ. ಆದರೆ ಅದು ಪ್ರತಿಯನ್ನು ನಾಶಮಾಡಲು ಕಾರಣವಾಗದು. ಕಾಲೇಜುಗಳ ಕಪಾಟುಗಳಲ್ಲಿ ಇನ್ನೂ ಫ್ಲಾಪಿಗಳಿವೆ. ಅವುಗಳ ಕಾಂತಲೇಪ ದಿನೇ ದಿನೇ ಕ್ಷೀಣಿಸುತ್ತಿದೆ. ತಡೆಯ ಗುಂಡಿಯನ್ನು ಸರಿಸಿ ಮೊದಲು ಪ್ರತಿಬಿಂಬ ತೆಗೆಯಿರಿ, ಓದುವುದು ಆಮೇಲಾಗಲಿ. ನಾವು ಎಸೆದ ಪೆಟ್ಟಿಗೆ ಮರಳಿ ಬಾರದು. ನಿಮ್ಮದು ಇನ್ನೂ ಕಪಾಟಿನಲ್ಲಿದೆ.