ಗೃಹಯಂತ್ರ ವಿಚಾರ: ಮೌನ ಹಿಡಿದ ಸ್ಮಾರ್ಟ್ ಸ್ಪೀಕರು

ಕರೆದರೆ ಓಗೊಡುವ ಸ್ಮಾರ್ಟ್ ಸ್ಪೀಕರು ಈಗ ಅನೇಕ ಗೃಹಗಳನ್ನು ಸೇರಿದೆ. ದೃಷ್ಟಿ ಮಂದವಾದ ವೃದ್ಧರಿಗೆ ಔಷಧದ ವೇಳೆಯನ್ನು ಅದೇ ನೆನಪಿಸುವ ಮನೆಗಳೂ ಉಂಟು. ಅಂತಹ ಯಂತ್ರವು ಮೂಕವಾದರೆ, ಕೆಟ್ಟಿತೆಂದು ನಿರ್ಣಯಿಸುವುದಕ್ಕೆ ಮುಂಚೆ ಕಾರಣವನ್ನು ವಿಚಾರಿಸತಕ್ಕದ್ದು.

ಯಂತ್ರವು ತನ್ನ ಹೆಸರನ್ನು ತಾನೇ ಗುರುತಿಸುವುದು; ಉತ್ತರವಾದರೋ ಬಹುಮಟ್ಟಿಗೆ ಅಂತರ್ಜಾಲದ ಮೂಲಕ ದೂರದ ಕಂಪ್ಯೂಟರುಗಳಿಂದ ಬರತಕ್ಕದ್ದು. ಆದುದರಿಂದ ದೋಷವು ಕಿವಿಯಲ್ಲಿರಬಹುದು, ಇಲ್ಲವೆ ದಾರಿಯಲ್ಲಿರಬಹುದು. ಇದನ್ನು ದೀಪವೇ ತಿಳಿಸುವುದು. 2014ರಲ್ಲಿ ಮೊದಲು ಹೊರಬಂದ ಅಮೆಜಾನ್ ಎಕೋ ಜಾತಿಯ ಯಂತ್ರಗಳಲ್ಲಿ ಕೆಂಪು ದೀಪವು ಒಂದೇ ಸಮನೆ ಉರಿಯುತ್ತಿದ್ದರೆ ಮೈಕು ಮುಚ್ಚಿದೆಯೆಂದರ್ಥ. ಅದರ ಗುಂಡಿಯನ್ನು ಒಮ್ಮೆ ಒತ್ತಿದರೆ ತೆರೆಯುವುದು. ಕಿತ್ತಳೆ ಬಣ್ಣವು ಸುತ್ತುತ್ತಿದ್ದರೆ ವೈಫೈ ಸಂಪರ್ಕಕ್ಕಾಗಿ ಯತ್ನಿಸುತ್ತಿರುವುದು. ಕರೆದೊಡನೆ ನೀಲಿ ದೀಪವು ಬೆಳಗಿದರೆ ಕಿವಿ ನೆಟ್ಟಗಿದೆ. ಧ್ವನಿಯನ್ನು ತಗ್ಗಿಸಿರುವರೋ ನೋಡಬೇಕು.

ವೈಫೈಯ ಪಾಸ್‌ವರ್ಡನ್ನು ಯಾರಾದರೂ ಬದಲಾಯಿಸಿದ್ದರೆ ಹೊಸದನ್ನು ಯಂತ್ರಕ್ಕೂ ಒದಗಿಸಬೇಕು. ಇಷ್ಟಾದರೂ ಮೌನವು ಬಿಡದಿದ್ದರೆ ಪ್ಲಗ್ಗನ್ನು ತೆಗೆದು, ಅರ್ಧ ನಿಮಿಷ ತಾಳಿ, ಮತ್ತೆ ಹಾಕಬೇಕು. ಫ್ಯಾಕ್ಟರಿ ರೀಸೆಟ್ ಕಡೆಯ ಉಪಾಯವು. ಅದನ್ನು ಮಾಡಿದ ಮೇಲೆ ಯಂತ್ರವನ್ನು ಮೊದಲಿನಿಂದ ಅಣಿಗೊಳಿಸಬೇಕಾಗುವುದು.

ಗೃಹಸ್ಥರಲ್ಲಿ ನಾವು ವಿಜ್ಞಾಪಿಸುವುದಿಷ್ಟೇ: ವಿದ್ಯುತ್ತೋ ಅಂತರ್ಜಾಲವೋ ನಿಂತ ದಿನ ಯಂತ್ರವು ನೆನಪಿಸದೆ ಹೋದೀತು. ವೃದ್ಧರ ಔಷಧದ ವೇಳೆಯು ಮನೆಯವರೊಬ್ಬರ ಮನಸ್ಸಿನಲ್ಲಿಯೂ ಇರತಕ್ಕದ್ದು.