ಸಹಿಗೆ ಮುನ್ನ ರೋಗಿಯನ್ನು ಕೇಳಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಬಂಧುಗಳೇ,

ನಮ್ಮ ಕಡೆ ದವಾಖಾನೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಅದು ನಮ್ಮ ಜನರ ದೊಡ್ಡ ಗುಣ. ಬೆಳಗಾವಿಗೋ ಮಿರಜಿಗೋ ಹೊರಟ ಗಾಡಿಯಲ್ಲಿ ರೋಗಿಯ ಜೊತೆ ಮಗ, ಅಳಿಯ, ಊರಿನ ನಾಲ್ಕಕ್ಷರ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಆಪರೇಷನ್ನಿಗೆ ಮುನ್ನ ಒಪ್ಪಿಗೆಯ ಕಾಗದ ಬಂದಾಗ ಅದು ನೇರ ಬರುವುದು ವರಾಂಡದಲ್ಲಿ ನಿಂತ ಈ ಗಂಡಸರ ಕೈಗೆ. ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ಗಡಿ ದಾಟಿದರೆ ಮರಾಠಿಯಲ್ಲೂ ಇರಬಹುದು. “ಇಲ್ಲೊಂದು, ಇಲ್ಲೊಂದು ಸಹಿ ಮಾಡ್ರಿ” ಎಂದು ಸಿಸ್ಟರ್ ಬೆರಳಿಟ್ಟು ತೋರಿಸುತ್ತಾರೆ. ಅಳಿಯ ಸಹಿ ಮಾಡುತ್ತಾನೆ. ಕತ್ತರಿ ಆಡಲಿರುವುದು ಯಾರ ಮೈಮೇಲೋ ಆಕೆ ಒಳಗೆ ಮಲಗಿದ್ದಾಳೆ. ಏನು ತೆಗೆಯುತ್ತಾರೆ, ಯಾಕೆ ತೆಗೆಯುತ್ತಾರೆ ಎಂದು ಆಕೆಗೆ ಯಾರೂ ಹೇಳಿಲ್ಲ.

ನನ್ನ ಮನವಿ ಇಷ್ಟೇ: ರೋಗಿ ವಯಸ್ಸಿಗೆ ಬಂದವರಾಗಿದ್ದು, ಎಚ್ಚರದಲ್ಲಿದ್ದು, ಹೇಳಿದ್ದನ್ನು ತಿಳಿದುಕೊಳ್ಳಬಲ್ಲವರಾಗಿದ್ದರೆ ತೀರ್ಮಾನ ಅವರದು, ಸಹಿಯೂ ಅವರದು.

ಸುಪ್ರೀಂ ಕೋರ್ಟು ಇದನ್ನು 2008ರ ಜನವರಿ 16ರಂದೇ ಹೇಳಿದೆ. ದೆಹಲಿಯ ಸಮೀರಾ ಕೊಹ್ಲಿ ಎಂಬ 44 ವರ್ಷದ ಮಹಿಳೆ 1995ರಲ್ಲಿ ಮುಟ್ಟಿನ ತೊಂದರೆಗೆಂದು ಹೋಗಿ, ಲ್ಯಾಪರೋಸ್ಕೋಪಿ ತಪಾಸಣೆಗೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ಆಕೆ ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ಹೀಗಿರುವಾಗ ಹೆತ್ತ ತಾಯಿಯ ಒಪ್ಪಿಗೆಯೂ ನಡೆಯದು ಎಂದಿತು ಕೋರ್ಟು. ತಪಾಸಣೆಗೆ ಒಪ್ಪಿದ ಮಾತ್ರಕ್ಕೆ ಚಿಕಿತ್ಸೆಗೆ ಒಪ್ಪಿದಂತಲ್ಲ; ಮಾಡುವುದೇನು, ಬೇರೆ ದಾರಿ ಇದೆಯೇ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ವೈದ್ಯರು ತಿಳಿಸಲೇಬೇಕು ಎಂದೂ ಹೇಳಿತು. ಅಪಘಾತವಾಗಿ ಪ್ರಜ್ಞೆ ತಪ್ಪಿ ಬಂದವರ ಮಾತು ಬೇರೆ. ಅಲ್ಲಿ ಯಾರ ಸಹಿಗೂ ಕಾಯದೆ ಜೀವ ಉಳಿಸುವ ವೈದ್ಯರಿಗೆ ಕಾನೂನಿನ ರಕ್ಷಣೆ ಇದೆ.

ಹೆಚ್ಚು ಕಳವಳ ಹೆಣ್ಣುಮಕ್ಕಳ ಬಗ್ಗೆ. “ಗರ್ಭಚೀಲ ತೆಗಿಸಿಬಿಡ್ರಿ, ತ್ರಾಸ ತಪ್ಪತೈತಿ” ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿಗೇ ಗರ್ಭಚೀಲ ಕಳೆದುಕೊಂಡ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅಂಥ ಗ್ಯಾಂಗುಗಳು ಹಂಗಾಮಿನಲ್ಲಿ ನಮ್ಮ ಭಾಗಕ್ಕೂ ಬರುತ್ತವೆ. ಅಂಡಾಶಯವನ್ನೂ ತೆಗೆದರೆ ಮೂಳೆ ಬೇಗ ಸವೆಯುತ್ತದೆ ಎಂಬುದನ್ನು ಹೊಲದಲ್ಲಿ ಭಾರ ಹೊರುವ ಹೆಣ್ಣಿಗೆ ಮೊದಲೇ ಹೇಳಬೇಡವೇ? ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಯ ವಿವರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಮನಸ್ಸು ಬದಲಿಸಲು ಸುಮಾರು ಒಂದು ಗಂಟೆ ಬಿಡುವು ಕೊಡಿ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಸೂಚಿಸಿತು. ಅದೇ ಬಿಡುವು ಗರ್ಭಚೀಲದ ಆಪರೇಷನ್ನಿಗೂ ಇರಲಿ.

ಇನ್ನು “ಗಂಡ ಎಲ್ಲಿ? ಅವರ ಸಹಿ ಬೇಕು” ಎಂಬ ಪ್ರಶ್ನೆ. ವಯಸ್ಕ ಮಹಿಳೆಯ ಗರ್ಭಪಾತಕ್ಕೂ 1971ರ ಕಾಯ್ದೆ ಕೇಳುವುದು ಆಕೆಯ ಒಪ್ಪಿಗೆಯನ್ನು ಮಾತ್ರ. ದೇವದಾಸಿ ಪದ್ಧತಿಯಿಂದ ಹೊರಬಂದ ಎಷ್ಟೋ ತಾಯಂದಿರು ಗಂಡನ ಆಸರೆಯಿಲ್ಲದೆಯೇ ಬದುಕು ಕಟ್ಟಿಕೊಂಡಿರುವ ನೆಲ ಇದು. ಅವರದೇ ಸಂಘಟನೆ ಘಟಪ್ರಭಾದಲ್ಲಿದೆ. ಅಂಥವರ ಮುಂದೆ ಈ ಪ್ರಶ್ನೆ ಕೇಳುವುದು ನೋವಿನ ಮೇಲೆ ಬರೆ ಎಳೆದಂತೆ. ದಯವಿಟ್ಟು ಕೇಳಬೇಡಿ.

“ಅವ್ವಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ ಸಾಹೇಬ್ರ, ಧೈರ್ಯ ಕಳ್ಕೋತಾಳ” ಎಂದು ಡಾಕ್ಟರರ ಕೈ ಹಿಡಿಯುವ ಮಕ್ಕಳ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ವಾರ್ಡಿನ ಬೋರ್ಡು ಓದಲು ಬಾರದಿದ್ದರೂ ಅಕ್ಕಪಕ್ಕದ ಹಾಸಿಗೆಯವರ ತಲೆಗೂದಲು ಉದುರಿದ್ದನ್ನು ಅವ್ವ ನೋಡುತ್ತಾಳೆ. ಎಲ್ಲರೂ ನಗುಮುಖ ಹೊತ್ತು ಬಂದು ಹೋಗುವಾಗ ಆಕೆ ತನ್ನ ಭಯವನ್ನು ಒಬ್ಬಳೇ ನುಂಗುತ್ತಾಳೆ. ಮೊದಲು ಆಕೆಯನ್ನೇ ಕೇಳಿ, ನಿನಗೆ ಎಷ್ಟು ತಿಳಿಯಬೇಕು ಎಂದು. “ಎಲ್ಲಾ ನನ್ನ ಮಗನಿಗೆ ಹೇಳ್ರಿ” ಎಂದರೆ ಅದೂ ಆಕೆಯ ತೀರ್ಮಾನವೇ. “ಹೊಲ ಮಾರಬ್ಯಾಡ್ರಿ, ನನ್ನ ಮನಿಗೆ ಒಯ್ಯಿರಿ” ಎಂದರೆ ಅದನ್ನೂ ಕೇಳಿಸಿಕೊಳ್ಳುವ ಗಟ್ಟಿತನ ನಮಗಿರಬೇಕು.

ರೋಗಿಗೆ ಮಾತೇ ಹೊರಡದ ಸ್ಥಿತಿ ಬಂದಾಗ ಮಾತ್ರ ಇನ್ನೊಬ್ಬರ ಪಾಳಿ. ಅದು ಕಷ್ಟದ ಕೆಲಸ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯಿಂದ ಇಂಥದೇ ಸ್ಥಿತಿಗೆ ಬಂದು, 2015ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಮಲಗಿದ್ದರು. ಅವರ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಬಂದಾಗ, ವರ್ಷಗಟ್ಟಲೆ ಉಣಿಸಿ ಒರೆಸಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರವಾಗಿ ಸಹಿ ಮಾಡುವವರು ಕೇಳಿಕೊಳ್ಳಬೇಕಾದದ್ದು “ನನಗೇನು ಬೇಕು” ಎಂದಲ್ಲ, “ಇವರಿಗೆ ಮಾತು ಬಂದಿದ್ದರೆ ಏನು ಹೇಳುತ್ತಿದ್ದರು” ಎಂದು.

ಆ ಉತ್ತರವನ್ನು ಮೊದಲೇ ಬರೆದಿಡಲು ಈಗ ದಾರಿ ಇದೆ. ಸುಪ್ರೀಂ ಕೋರ್ಟಿನ 2018ರ ತೀರ್ಪು ಅದಕ್ಕೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ನಿಯಮ ಸರಳವಾಯಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರಂಥವರ ಹೋರಾಟದ ನಂತರ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಮ್ಮ ಪರವಾಗಿ ಮಾತಾಡುವವರ ಹೆಸರು, ಇಷ್ಟು ಸಾಕು. ದೀಪಾವಳಿಗೆ ಮಕ್ಕಳೆಲ್ಲ ಊರಿಗೆ ಬಂದಾಗ ಹಿರಿಯರು ಈ ಮಾತು ತೆಗೆಯಲಿ. ಅಪಶಕುನವೆಂದು ಬಾಯಿ ಮುಚ್ಚಿಸಬೇಡಿ.

ನಮ್ಮ ವೈದ್ಯರಲ್ಲೂ ಕೈಮುಗಿದು ಕೇಳುತ್ತೇನೆ. ನಿಮ್ಮ ಮೇಲೆ ನಡೆಯುವ ಹಲ್ಲೆಗಳಿಂದಾಗಿ ಸಂಬಂಧಿಕರ ಸಹಿ ನಿಮಗೆ ರಕ್ಷಣೆಯಂತೆ ಕಾಣುವುದು ಸಹಜ. ಸಂಬಂಧಿಕರನ್ನು ಸಾಕ್ಷಿಯಾಗಿ ಕೂರಿಸಿಕೊಳ್ಳಿ, ಮಾತು ಮಾತ್ರ ರೋಗಿಯೊಂದಿಗೆ ಆಡಿ. ಮೂರೂ ತಾಲೂಕುಗಳ ದವಾಖಾನೆಗಳಲ್ಲಿ ದೊಡ್ಡ ಅಕ್ಷರದ ಕನ್ನಡ ಒಪ್ಪಿಗೆ ಪತ್ರ ಬರಲಿ, ಓದಲು ಬಾರದವರಿಗೆ ಹೆಬ್ಬೆಟ್ಟು ಒತ್ತಿಸುವ ಮುನ್ನ ಅದನ್ನು ಓದಿ ಹೇಳುವ ಒಬ್ಬರನ್ನು ನೇಮಿಸಿ.